ಸ್ಪೋರ್ಟ್ಸ್ ಕಾರಿಗೆ ಸೈಕಲ್ ಏರಿಸುವುದು: ಒಳಗೋ, ಮೇಲೋ, ಹಿಂದೋ?

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ ತುಳಿಯುವ ಹಾಗಿಲ್ಲ. ಬಾಂದ್ರಾ–ವರ್ಲಿ ಸೀ ಲಿಂಕ್ ಮೇಲೂ ಇಲ್ಲ, 2024ರ ಜನವರಿಯಲ್ಲಿ ಶುರುವಾದ ಅಟಲ್ ಸೇತುವಿನ ಮೇಲೂ ಇಲ್ಲ. ಹಾಗಾಗಿ ಮುಂಬೈಯಲ್ಲಿದ್ದುಕೊಂಡು ಲೋಣಾವಳದ ಆಚೆಗೆ, ತಾಮ್ಹಿಣಿ ಘಾಟಿನಲ್ಲಿ, ಸಿಂಹಗಡದ ಏರಿನಲ್ಲಿ ಸೈಕಲ್ ಹೊಡೆಯಬೇಕೆಂದರೆ ಅದನ್ನು ಅಲ್ಲಿಯವರೆಗೆ ಕಾರಿನಲ್ಲಿ ಒಯ್ಯಲೇಬೇಕು. ಅಕ್ಟೋಬರ್–ನವೆಂಬರ್ ಹೊತ್ತಿಗೆ ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಗೆ (ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್) ಹೊರಡುವವರಿಗೂ ಇದೇ ಚಿಂತೆ.

ಮನೆಯಲ್ಲಿ ಇನ್ನೋವಾ ಇದ್ದರೆ ಹಿಂದಿನ ಸೀಟು ಮಡಚಿ ಸೈಕಲ್ ಒಳಗೆ ತಳ್ಳಿದರೆ ಆಯಿತು. ಎರಡು ಬಾಗಿಲಿನ, 1.3 ಮೀಟರ್ ಎತ್ತರದ ಕಾರಾದರೆ ಅಷ್ಟು ಸುಲಭವಿಲ್ಲ, ಆದರೆ ಆಗದ ಕೆಲಸವೂ ಅಲ್ಲ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ರೋಡ್ ಸೈಕಲ್ ಆಗಿದ್ದರೆ ಎರಡೂ ಚಕ್ರ ಬಿಚ್ಚಿ ಕಾರಿನೊಳಗೆ ಇಡುವುದೇ ಈ ಭಾಗದ ರಸ್ತೆಗಳಿಗೆ ಎಲ್ಲಕ್ಕಿಂತ ಒಳ್ಳೆಯದು. ಒಳಗೆ ಹಿಡಿಸಲೇ ಇಲ್ಲ, ಕಾರಿಗೆ ಗಟ್ಟಿ ಲೋಹದ ಛಾವಣಿ ಇದೆ ಎಂದಾದರೆ ಗಾಳಿ ಹೊರತೆಗೆದು ಅಂಟಿಸುವ ರಬ್ಬರ್ ಬಟ್ಟಲಿನ, ಅಂದರೆ ಸಕ್ಷನ್ ಕಪ್ಪಿನ ರ‍್ಯಾಕ್. ಡಿಕ್ಕಿಗೆ ಪಟ್ಟಿ ಬಿಗಿಯುವ ರ‍್ಯಾಕನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ನೋಡಿ. ಇಷ್ಟೂ ಬೇಡವೆನಿಸಿದರೆ ಸೈಕಲನ್ನು ಬೇರೆಯಾಗಿ ಕಳಿಸುವ ದಾರಿಯೂ ಇದೆ. ಕಾರಣಗಳನ್ನು ಒಂದೊಂದಾಗಿ ನೋಡೋಣ.

ಲೀಟರ್ ಲೆಕ್ಕ ಬಿಡಿ, ಟೇಪು ಹಿಡಿಯಿರಿ

ಕಾರಿನ ಬ್ರೋಷರ್‌ನಲ್ಲಿ ಡಿಕ್ಕಿಯ ಅಳತೆ ಲೀಟರ್‌ನಲ್ಲಿರುತ್ತದೆ. ಸೈಕಲ್ ವಿಷಯದಲ್ಲಿ ಆ ಸಂಖ್ಯೆಯಿಂದ ಉಪಯೋಗವಿಲ್ಲ. ಸೈಕಲ್ ಮಡಚಿ ತುರುಕುವ ಬಟ್ಟೆಯ ಚೀಲವಲ್ಲ. ಡಿಕ್ಕಿಯ ಬಾಯಿ ಎಷ್ಟು ಅಗಲ, ಒಳಗೆ ಅಡೆತಡೆಯಿಲ್ಲದೆ ಎಷ್ಟು ಉದ್ದ ಸಿಗುತ್ತದೆ ಎನ್ನುವುದೇ ಮುಖ್ಯ.

ಸಾಧಾರಣ ಮಧ್ಯಮ ಅಳತೆಯ ರೋಡ್ ಸೈಕಲಿನ ಎರಡೂ ಚಕ್ರ ತೆಗೆದರೆ, ಫೋರ್ಕಿನ (ಮುಂಚಕ್ರ ಹಿಡಿಯುವ ಕವಲಿನ) ತುದಿಯಿಂದ ಹಿಂಚಕ್ರ ಕೂರುವ ಜಾಗದವರೆಗೆ 98ರಿಂದ 100 ಸೆಂ.ಮೀ. ಸೀಟ್ ಪೋಸ್ಟ್ (ಸೀಟಿನ ಕಂಬ) ತೆಗೆದ ಮೇಲೆ ಚೈನ್‌ರಿಂಗಿನ (ಪೆಡಲ್ ಬಳಿಯ ಹಲ್ಲುಚಕ್ರದ) ತಳದಿಂದ ಹ್ಯಾಂಡಲ್ ಮೇಲಿನ ಬ್ರೇಕ್ ಹಿಡಿಯ ತನಕ 70–75 ಸೆಂ.ಮೀ. 700ಸಿ ಚಕ್ರ, 25 ಅಥವಾ 28 ಎಂ.ಎಂ. ಟೈರು ಸೇರಿ 67–68 ಸೆಂ.ಮೀ. ಹ್ಯಾಂಡಲಿನ ಅಗಲ 40–44 ಸೆಂ.ಮೀ. ಇದ್ದು ತೊಂದರೆ ಕೊಡುವುದು ಅದೇ. ಆದರೆ ಮುಂಚಕ್ರ ಇಲ್ಲದಾಗ ಹ್ಯಾಂಡಲನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದರೆ ಅದು ಫ್ರೇಮಿಗೆ ಸಮನಾಗಿ ಮಲಗುತ್ತದೆ. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ಮಿನ ಬೋಲ್ಟು ಮುಟ್ಟಬೇಕಾಗಿಲ್ಲ.

ಟಿವಿ ಅಥವಾ ಫ್ರಿಜ್ ಬಂದ ರಟ್ಟಿನ ಡಬ್ಬದಿಂದ 105 × 75 ಸೆಂ.ಮೀ. ಅಳತೆಯ ಒಂದು ತುಂಡು, 68 ಸೆಂ.ಮೀ. ಅಗಲದ ಎರಡು ಬಿಲ್ಲೆ ಕತ್ತರಿಸಿಕೊಳ್ಳಿ. ಮೂರನ್ನೂ ಕಾರಿನೊಳಗೆ ಇಟ್ಟು, ಡಿಕ್ಕಿ ಮುಚ್ಚಿ, ಗೇರು ಹಾಕಿ ನೋಡಿ. ರಟ್ಟು ಬಾಗದೆ ಒಳಗೆ ಹೋದರೆ ಸೈಕಲೂ ಹೋಗುತ್ತದೆ. ಲೆದರ್ ಸೀಟಿನ ಮೇಲೆ ಚೈನ್ ಎಳೆದು ಪರೀಕ್ಷಿಸುವುದಕ್ಕಿಂತ ಈ ಅರ್ಧ ಗಂಟೆಯ ಕೆಲಸ ಎಷ್ಟೋ ವಾಸಿ.

ಕಾರಿನ ಜಾತಿಯ ಮೇಲೂ ಬಹಳ ನಿಂತಿದೆ. ಫೋರ್ಡ್ ಮಸ್ಟಾಂಗ್ ಫಾಸ್ಟ್‌ಬ್ಯಾಕ್‌ನಂಥ, ಎಂಜಿನ್ ಮುಂದಿರುವ ಕೂಪೆಯಲ್ಲಿ (ಎರಡು ಬಾಗಿಲಿನ, ಗಟ್ಟಿ ಛಾವಣಿಯ ಕಾರಿನಲ್ಲಿ) ಹಿಂದಿನ ಸೀಟಿನ ಬೆನ್ನು ಮಡಚುತ್ತದೆ. ಡಿಕ್ಕಿಯ ಬಾಯಿ ಚಿಕ್ಕದಾದರೂ ಒಳಗೆ ಉದ್ದ ಧಾರಾಳ. ಪೋರ್ಷೆ 911 ಕೂಪೆಯಲ್ಲಿ ಡಿಕ್ಕಿ ಮುಂದಿದೆ, ಅದರಲ್ಲಿ ಶೂ, ಹೆಲ್ಮೆಟ್, ಪಂಪು ಇಡಬಹುದು. ಫ್ರೇಮಿಗೆ ಸಿಗುವುದು ಹಿಂದಿನ ಪುಟ್ಟ ಸೀಟುಗಳ ಬೆನ್ನು ಮಡಚಿದಾಗ ಆಗುವ ಹಲಗೆಯಂಥ ಜಾಗ. ಅಲ್ಲಿಗೆ ದಾರಿ ಪಕ್ಕದ ಬಾಗಿಲಿನಿಂದ, ಸೀಟು ಮುಂದಕ್ಕೆ ಬಾಗಿಸಿ. ಎಂಜಿನ್ ನಡುವಿನಲ್ಲಿರುವ 718 ಕೇಮನ್‌ನಂಥ ಎರಡು ಸೀಟಿನ ಕಾರಿನಲ್ಲಿ ಹಿಂದಿನ ಗಾಜು ಮೇಲೆತ್ತಿದರೆ ಒಂದಷ್ಟು ಜಾಗ ಇದೆ, ಆದರೆ ಎಂಜಿನ್ನಿನ ಮೇಲಿನ ಭಾಗ ಬಿಸಿಯಾಗುತ್ತದೆ. ಎನರ್ಜಿ ಜೆಲ್, ಸೀಲೆಂಟ್ ಬಾಟಲಿ ಅಲ್ಲಿ ಬೇಡ. ಬಿಎಂಡಬ್ಲ್ಯು ಝಡ್4ನಂಥ ತೆರೆದ ಕಾರಿನಲ್ಲಿ ಫ್ರೇಮಿಗೆ ಪಕ್ಕದ ಸೀಟೊಂದೇ ಗತಿ, ಜೊತೆಗೆ ಯಾರೂ ಬರುವಂತಿಲ್ಲ.

ಕಾರಿನೊಳಗೆ: ಕ್ರಮ ತಪ್ಪಿದರೆ ಮಾತ್ರ ತಾಪತ್ರಯ

ಕೈ ಪಳಗಿದ ಮೇಲೆ ಇದು ಹದಿನೈದು ನಿಮಿಷದ ಕೆಲಸ. ಬೇಕಾಗುವುದು 4, 5, 6 ಎಂ.ಎಂ. ಅಲೆನ್ ಕೀ, ಹಳೆಯ ಲುಂಗಿ ಅಥವಾ ಬೆಡ್‌ಶೀಟು ಎರಡು, ವೆಲ್ಕ್ರೋ ಪಟ್ಟಿ ನಾಲ್ಕು, ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಒಂದೂವರೆ ಮೀಟರ್. ಈ ಫೋಮ್ ಯಾವುದೇ ಎಸಿ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಉದ್ದಕ್ಕೆ ಸೀಳಿ ಫ್ರೇಮಿನ ಕೊಳವೆಗಳ ಮೇಲೆ ಸಿಕ್ಕಿಸಿದರೆ ಸಾಕು.

ಮೊದಲು ಹಿಂದಿನ ಗೇರನ್ನು ಎಲ್ಲಕ್ಕಿಂತ ಚಿಕ್ಕ ಹಲ್ಲಿನ ಚಕ್ರಕ್ಕೆ ತನ್ನಿ. ಆಗ ಗೇರ್ ಬದಲಿಸುವ ಡಿರೇಲರ್ ಹೊರಬದಿಗೆ ಸರಿದು ನಿಲ್ಲುತ್ತದೆ, ಹಿಂಚಕ್ರ ಸಲೀಸಾಗಿ ಬರುತ್ತದೆ. ಡಿರೇಲರ್‌ಗೆ ಕ್ಲಚ್ ಸ್ವಿಚ್ ಇದ್ದರೆ ಅದನ್ನು ಆಫ್ ಮಾಡಿ. ಕ್ವಿಕ್ ರಿಲೀಸ್ ಚಕ್ರವಾದರೆ ಲಿವರ್ ತೆರೆದು ಎದುರು ಬದಿಯ ನಟ್ಟನ್ನು ನಾಲ್ಕೈದು ಸುತ್ತು ಸಡಿಲಿಸಿ. ಮುಂದಿನ ಫೋರ್ಕಿನ ತುದಿಯಲ್ಲಿರುವ ಪುಟ್ಟ ಏಣುಗಳನ್ನು ದಾಟಲು ಅಷ್ಟು ಬೇಕು. ಥ್ರೂ ಆಕ್ಸಲ್ (ಚಕ್ರದ ನಡುವೆ ಹಾಯುವ ದಪ್ಪ ಅಚ್ಚು) ಆದರೆ ಪೂರ್ತಿ ಬಿಚ್ಚಿ ಎಳೆದು, ಚಕ್ರ ತೆಗೆದ ಕೂಡಲೇ ಆ ಆಕ್ಸಲನ್ನು ಮತ್ತೆ ಫ್ರೇಮಿಗೇ ತಿರುಗಿಸಿಡಿ. ಹೀಗೆ ಮಾಡಿದರೆ ಅದು ಕಳೆಯುವುದಿಲ್ಲ, ಫೋರ್ಕಿನ ಎರಡು ಕಾಲುಗಳು ಒತ್ತಿಗೆ ಒಳಬಾಗುವುದೂ ಇಲ್ಲ. ಕ್ವಿಕ್ ರಿಲೀಸ್ ಸೈಕಲಿಗೆ ಈ ಕೆಲಸ ಮಾಡಲು 100 ಎಂ.ಎಂ. ಉದ್ದದ ಪ್ಲಾಸ್ಟಿಕ್ ಅಡ್ಡತುಂಡು ಇರುತ್ತದೆ. ಹೊಸ ಸೈಕಲುಗಳ ಡಬ್ಬದೊಳಗೆ ಬರುವ ಆ ತುಂಡನ್ನು ಅಂಗಡಿಯವರು ಎಸೆಯುತ್ತಾರೆ, ಕೇಳಿದರೆ ಕೊಡುತ್ತಾರೆ.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಮರುಕ್ಷಣವೇ ಕ್ಯಾಲಿಪರಿನ (ಬ್ರೇಕ್ ಪ್ಯಾಡು ಹಿಡಿದಿರುವ ಭಾಗದ) ಎರಡು ಪ್ಯಾಡುಗಳ ನಡುವೆ ಸ್ಪೇಸರ್ ಎಂಬ ತೆಳು ಅಡ್ಡತುಂಡು ಸಿಕ್ಕಿಸಬೇಕು. ಇದನ್ನು ಮರೆತರೆ, ಸಾಮಾನು ತಳ್ಳುವಾಗ ಬ್ರೇಕ್ ಹಿಡಿ ಎಲ್ಲೋ ಅದುಮಿ ಪಿಸ್ಟನ್ನುಗಳು ಹೊರಬಂದು ಪ್ಯಾಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೆಳಗಿನ ಐದು ಗಂಟೆಗೆ ಖಡಕ್‌ವಾಸ್ಲಾದ ದಂಡೆಯಲ್ಲಿ ರೋಟರ್ (ಚಕ್ರದ ಬ್ರೇಕ್ ತಟ್ಟೆ) ಒಳಗೆ ಹೋಗುವುದಿಲ್ಲ. ಸ್ಪೇಸರ್ ಇಲ್ಲದಿದ್ದರೆ ಹಳೆಯ ವಿಸಿಟಿಂಗ್ ಕಾರ್ಡನ್ನು ಮೂರ್ನಾಲ್ಕು ಮಡಿಕೆ ಮಾಡಿ ತುರುಕಿ. ಪ್ಯಾಡು ಅಂಟಿಕೊಂಡೇಬಿಟ್ಟರೆ ಅಗಲವಾದ ಪ್ಲಾಸ್ಟಿಕ್ ಟೈರ್ ಲಿವರ್‌ನಿಂದ ನಿಧಾನಕ್ಕೆ ಬಿಡಿಸಿ, ಸ್ಕ್ರೂಡ್ರೈವರ್ ಹಾಕಬೇಡಿ, ಪ್ಯಾಡು ಒಡೆಯುತ್ತದೆ.

ಇನ್ನೊಂದು ಎಚ್ಚರ ಮರಳುವಾಗಿನದು. ಸಿಂಹಗಡದ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಬಂದ ಕೂಡಲೇ ಚಕ್ರ ಬಿಚ್ಚಿ ಸೀಟಿನ ಮೇಲೆ ಇಡಬೇಡಿ. ರೋಟರ್ ಬೆರಳು ಸುಡುವಷ್ಟು ಕಾದಿರುತ್ತದೆ, ಲೆದರಿಗೂ ಪ್ಲಾಸ್ಟಿಕ್ ಚೀಲಕ್ಕೂ ಗುರುತು ಬೀಳುತ್ತದೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಡಿ.

ಸೀಟ್ ಪೋಸ್ಟ್ ತೆಗೆಯುವ ಮುನ್ನ ಅದು ಫ್ರೇಮಿನೊಳಗೆ ಇಳಿಯುವ ಅಂಚಿಗೆ ಇನ್ಸುಲೇಷನ್ ಟೇಪು ಸುತ್ತಿ, ಮತ್ತೆ ಹಾಕುವಾಗ ಎತ್ತರ ಹುಡುಕಬೇಕಿಲ್ಲ. ಕಾರ್ಬನ್ ಪೋಸ್ಟಾದರೆ ಜಾರದಂತೆ ಹಚ್ಚಿರುವ ಕಾರ್ಬನ್ ಪೇಸ್ಟ್ ಒರೆಸಿ ಹೋಗದಂತೆ ನೋಡಿಕೊಳ್ಳಿ. ತಿರುಗಿ ಬಿಗಿಯುವಾಗ ಕ್ಲಾಂಪಿನ ಮೇಲೆ ಬರೆದ ಟಾರ್ಕ್ ಮೀರಬೇಡಿ. ಸಾಮಾನ್ಯವಾಗಿ ಅದು 5–6 ನ್ಯೂಟನ್ ಮೀಟರ್ ಇರುತ್ತದೆ. ಪೆಡಲ್ ಬಿಚ್ಚಲೇಬೇಕಾದರೆ ಎಡಗಡೆಯದರ ಥ್ರೆಡ್ ಉಲ್ಟಾ ಎನ್ನುವುದು ನೆನಪಿರಲಿ.

ಹಿಂಚಕ್ರ ಹೋದ ಮೇಲೆ ಚೈನ್ ಜೋತುಬೀಳುತ್ತದೆ. ಚೈನ್ ಹಿಡಿಯುವ ಪುಟ್ಟ ರಾಟೆ ಕೊಂಡರೆ ಒಳ್ಳೆಯದು, ಇಲ್ಲವಾದರೆ ಲುಂಗಿಯ ಚೂರಿನಲ್ಲಿ ಚೈನನ್ನೂ ಡಿರೇಲರನ್ನೂ ಒಟ್ಟಿಗೆ ಸುತ್ತಿ ಫ್ರೇಮಿಗೆ ಕಟ್ಟಿ. ದೂರದ ದಾರಿಗೆ ನಮ್ಮ ಸಲಹೆ ಬೇರೆ: 5 ಎಂ.ಎಂ. ಅಲೆನ್ ಕೀಯಿಂದ ಡಿರೇಲರನ್ನು ಅದು ತೂಗುವ ಹ್ಯಾಂಗರಿನಿಂದಲೇ ಬಿಚ್ಚಿ, ಬಟ್ಟೆ ಸುತ್ತಿ ಫ್ರೇಮಿನ ಹಿಂದಿನ ತ್ರಿಕೋನದೊಳಗೆ ಕಟ್ಟಿ. ಸಾಗಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಳಾಗುವ ಭಾಗ ಹ್ಯಾಂಗರ್. ಅಲ್ಯೂಮಿನಿಯಂನ ಆ ತೆಳು ತುಂಡು ಒಂದೆರಡು ಎಂ.ಎಂ. ಬಾಗಿದರೂ ಗೇರು ಸರಿಯಾಗಿ ಕೂರುವುದಿಲ್ಲ, ದೊಡ್ಡ ಹಲ್ಲಿಗೆ ಹಾಕಿದಾಗ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಸಿಕ್ಕಿ ಮುರಿಯಲೂಬಹುದು. ನಿಮ್ಮ ಫ್ರೇಮಿಗೆ ಸರಿಹೊಂದುವ ಹೆಚ್ಚುವರಿ ಹ್ಯಾಂಗರ್ ಒಂದು ಸದಾ ಚೀಲದಲ್ಲಿರಲಿ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಊರು ಬಿಟ್ಟ ಮೇಲೆ ಹುಡುಕಿದರೆ ಸಿಗುವುದಿಲ್ಲ. ಸ್ರ್ಯಾಮ್ ಎಎಕ್ಸ್‌ಎಸ್ ವೈರ್‌ಲೆಸ್ ಗೇರಾದರೆ ಬ್ಯಾಟರಿ ತೆಗೆದಿಡಿ, ಕಾರಿನ ಅಲುಗಾಟಕ್ಕೆ ಅದು ಎಚ್ಚರವಾಗಿಯೇ ಇದ್ದು ಚಾರ್ಜ್ ಖಾಲಿಯಾಗುತ್ತದೆ.

ಇನ್ನು ಒಳಗಿಡುವ ಕ್ರಮ. ಸೀಟಿಗೆ ಬೆಡ್‌ಶೀಟು ಹೊದಿಸಿ. ಫ್ರೇಮನ್ನು ಚೈನ್ ಇರುವ ಬದಿ ಮೇಲೆ ಬರುವಂತೆ ಮಲಗಿಸಿ, ಅದರ ಮೇಲೆ ಏನನ್ನೂ ಹೇರಬೇಡಿ. ಚಕ್ರಗಳನ್ನು ರೋಟರ್ ಬದಿ ಮೇಲ್ಮುಖವಾಗಿ, ನಡುವೆ ಬಟ್ಟೆ ಹಾಕಿ ಇಡಿ. ರೋಟರನ್ನು ಎಣ್ಣೆ ಕೈಯಲ್ಲಿ ಮುಟ್ಟಬೇಡಿ, ಬ್ರೇಕ್ ಕಿರುಚಲು ಅಷ್ಟೇ ಸಾಕು.

ಕಟ್ಟುವುದನ್ನು ಮಾತ್ರ ಎಷ್ಟು ಒತ್ತಿ ಹೇಳಿದರೂ ಕಡಿಮೆ. 9 ಕೆ.ಜಿ.ಯ ಸೈಕಲ್ ಹಗುರ ಎನಿಸುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ ಅದೇ ಸೈಕಲ್ ಸುಮಾರು 125 ಕೆ.ಜಿ.ಯ ಬಲದಿಂದ ಮುಂದಕ್ಕೆ ನುಗ್ಗುತ್ತದೆ, ಅದೂ ನಿಮ್ಮ ಕುತ್ತಿಗೆಯ ಎತ್ತರಕ್ಕೆ. ಪಕ್ಕದ ಸೀಟಿನಲ್ಲಿಟ್ಟರೆ ಸೀಟ್ ಬೆಲ್ಟನ್ನು ಫ್ರೇಮಿನ ತ್ರಿಕೋನದೊಳಗಿಂದ ಹಾಯಿಸಿ ಬಕಲ್ ಹಾಕಿ, ಬೆಲ್ಟ್ ತಾಗುವಲ್ಲಿ ಫೋಮ್ ಇರಲಿ. ಹೀಗೆ ಮಾಡಿದರೆ ಸೀಟಿನ ಸೆನ್ಸರ್ ಕೂಗುವುದೂ ನಿಲ್ಲುತ್ತದೆ. ಹಿಂದೆ ಇಟ್ಟರೆ ಮಕ್ಕಳ ಸೀಟಿಗೆಂದು ಇರುವ ಐಸೋಫಿಕ್ಸ್ ಕೊಂಡಿಗಳಿಗೆ ಪಟ್ಟಿ ಕಟ್ಟಿ. ಎಡಗಡೆಯ ಕನ್ನಡಿ ಕಾಣುತ್ತಿದೆಯೇ, ಗೇರ್ ಹಿಡಿಗೆ ಏನೂ ತಾಗುತ್ತಿಲ್ಲವೇ ಎಂದು ಕೂತು ನೋಡಿದ ಮೇಲೆಯೇ ಹೊರಡಿ.

ಈ ದಾರಿಯ ಲಾಭ ದೊಡ್ಡದು. ಮಳೆಯಿಲ್ಲ, ಕೆಸರಿಲ್ಲ, ಗಾಳಿಯ ಸದ್ದಿಲ್ಲ, ಸೈಕಲ್ ಕಣ್ಣಿಗೂ ಕಾಣುವುದಿಲ್ಲ. ಮಾಟುಂಗದ ಉಡುಪಿ ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಇಡ್ಲಿ ತಿಂದು ಬರುವವರೆಗೆ ಜೀವ ಹಿಡಿದುಕೊಳ್ಳಬೇಕಿಲ್ಲ. ನಷ್ಟ ಒಂದೇ, ಎರಡು ಸೀಟಿನ ಕಾರಾದರೆ ಒಬ್ಬರೇ ಹೋಗಬೇಕು.

ಇಳಿಸಿ ಜೋಡಿಸಿದ ಮೇಲೆ ಹೊರಡುವ ಮುಂಚೆ ಬ್ರೇಕ್ ಹಿಡಿಯನ್ನು ಹತ್ತು ಸಲ ಅದುಮಿ. ಸೈಕಲ್ ಮಲಗಿದ್ದಾಗ ಹೈಡ್ರಾಲಿಕ್ ಎಣ್ಣೆಯೊಳಗಿನ ಗಾಳಿಗುಳ್ಳೆ ಸ್ಥಾನ ಬದಲಿಸಿ ಹಿಡಿ ಮೆತ್ತಗಾಗಿರಬಹುದು. ಸೈಕಲ್ ಸ್ವಲ್ಪ ಹೊತ್ತು ನೆಟ್ಟಗೆ ನಿಂತು ನಾಲ್ಕು ಸಲ ಅದುಮಿದರೆ ಸಾಧಾರಣ ಸರಿಯಾಗುತ್ತದೆ. ಆಗದಿದ್ದರೆ ಬ್ಲೀಡ್ ಮಾಡಿಸದೆ (ಎಣ್ಣೆಯೊಳಗಿನ ಗಾಳಿ ತೆಗೆಸದೆ) ಘಾಟು ಇಳಿಯಬೇಡಿ.

ಛಾವಣಿಯ ಮೇಲೆ ಸಕ್ಷನ್ ಕಪ್

ಸ್ಪೋರ್ಟ್ಸ್ ಕಾರಿನವರಿಗೆಂದೇ ಹೇಳಿ ಮಾಡಿಸಿದಂತೆ ಕಾಣುವುದು ಇದು. ಸೀಸಕರ್ ಈ ಬಗೆಯ ಹೆಸರುವಾಸಿ ಬ್ರ್ಯಾಂಡು, ನೋಡಲು ಹಾಗೇ ಇರುವ ಅಗ್ಗದ ನಕಲುಗಳೂ ಆನ್‌ಲೈನಿನಲ್ಲಿವೆ. ಛಾವಣಿಯ ಮೇಲೆ ಮೂರು ಕಪ್ಪಿನ ತಟ್ಟೆ, ಅದಕ್ಕೆ ಸೈಕಲಿನ ಫೋರ್ಕ್ ಸಿಕ್ಕಿಸಬೇಕು. ಹಿಂಚಕ್ರಕ್ಕೆ ಹಿಂದಿನ ಗಾಜಿನ ಮೇಲೆ ಇನ್ನೊಂದು ಕಪ್. ಮುಂಚಕ್ರ ಕಾರಿನೊಳಗೆ.

ಇದು ನಿಲ್ಲುವುದು ಹೇಗೆ ಎಂದು ತಿಳಿದರೆ ಬಳಸುವುದೂ ಸುಲಭ. 15 ಸೆಂ.ಮೀ. ಅಗಲದ ಕಪ್ಪಿನ ವಿಸ್ತೀರ್ಣ ಸುಮಾರು 180 ಚದರ ಸೆಂ.ಮೀ. ವಾತಾವರಣದ ಒತ್ತಡ ಚದರ ಸೆಂ.ಮೀ.ಗೆ ಹತ್ತಿರ ಹತ್ತಿರ 1 ಕೆ.ಜಿ. ಒಳಗಿನ ಗಾಳಿಯನ್ನು ಅರ್ಧದಷ್ಟು ತೆಗೆದರೂ ಒಂದೊಂದು ಕಪ್ 90 ಕೆ.ಜಿ. ಬಲದಿಂದ ಹಿಡಿಯುತ್ತದೆ. ಬಲಕ್ಕೆ ಕೊರತೆಯಿಲ್ಲ. ಕೆಡುವುದು ಅಂಚಿನಲ್ಲಿ: ಒಂದು ಮರಳ ಕಣ, ಒಂದು ಕೂದಲು, ಛಾವಣಿಯ ಮಡಿಕೆಯ ಗೆರೆ, ಪೇಂಟಿನ ಮೇಲೆ ಅಂಟಿಸಿದ ಫಿಲ್ಮಿನ ತುದಿ, ಇಷ್ಟರಲ್ಲಿ ಯಾವುದಾದರೂ ಕಪ್ಪಿನ ಅಂಚಿನಡಿ ಬಂದರೆ ಗಾಳಿ ನಿಧಾನವಾಗಿ ಒಳನುಗ್ಗುತ್ತದೆ.

ಆದ್ದರಿಂದ ಛಾವಣಿಯನ್ನೂ ಕಪ್ಪನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಕಪ್ಪಿನ ಅಂಚು ಸ್ವಲ್ಪ ತೇವವಿದ್ದರೆ ಇನ್ನೂ ಒಳ್ಳೆಯದು. ಪಕ್ಕದ ಪಂಪಿನ ಗುಂಡಿಯನ್ನು ಅದರ ಮೇಲಿನ ಬಣ್ಣದ ಗೆರೆ ಮರೆಯಾಗುವವರೆಗೆ ಒತ್ತಿ. ಹತ್ತು ನಿಮಿಷ ಬಿಟ್ಟು ನೋಡಿ. ಗೆರೆ ಮತ್ತೆ ಕಂಡರೆ ಕಪ್ ತೆಗೆದು ಒರೆಸಿ ಮೊದಲಿನಿಂದ ಹಾಕಿ, ಮತ್ತೆ ಬರೀ ಪಂಪು ಒತ್ತಿ ಹೊರಡಬೇಡಿ. ಎಲ್ಲ ಕಪ್ಪೂ ಹಿಡಿದ ಮೇಲೆಯೇ ಸೈಕಲ್ ಏರಿಸಿ, ಕೈಯಿಂದ ಎಳೆದಾಗ ಕಾರೇ ಅಲುಗಬೇಕು.

ಮುಂಬೈಯಿಂದ ಘಾಟು ಹತ್ತುವವರಿಗೆ ಇನ್ನೊಂದು ಮಾತು. ಲೋಣಾವಳ ಸಮುದ್ರಮಟ್ಟದಿಂದ 620 ಮೀಟರ್ ಆಸುಪಾಸು ಎತ್ತರದಲ್ಲಿದೆ, ಅಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು ನೂರಕ್ಕೆ ಏಳರಷ್ಟು ಕಡಿಮೆ. ಕೆಳಗೆ ಪಂಪು ಮಾಡಿದ ಕಪ್ಪಿನ ಹಿಡಿತ ಮೇಲೆ ಬಂದಾಗ ಅದಕ್ಕಿಂತಲೂ ಜಾಸ್ತಿ ಸಡಿಲುತ್ತದೆ. ಕಳಚಿ ಬೀಳುವಷ್ಟಲ್ಲ, ಆದರೂ ಮೇಲೆ ಹತ್ತಿದ ಕೂಡಲೇ ನಿಲ್ಲಿಸಿ ಗೆರೆ ನೋಡಿ.

ಯಾರು ಇದನ್ನು ಕೊಳ್ಳಬಾರದು? ಬಟ್ಟೆಯ ಛಾವಣಿಯವರು ಖಂಡಿತ ಬೇಡ. ವಿನೈಲ್ ರ‍್ಯಾಪ್ ಮಾಡಿಸಿದವರು, ಮ್ಯಾಟ್ ಪೇಂಟಿನವರು, ಹೊಸದಾಗಿ ಪೇಂಟ್ ಮಾಡಿಸಿದವರು ಕೂಡ ಬೇಡ. ಕಪ್ ಹಿಡಿದುಕೊಳ್ಳುವುದು ಮೇಲಿನ ಪದರವನ್ನು, ಆ ಪದರ ಕಾರನ್ನು ಎಷ್ಟು ಹಿಡಿದಿದೆ ಎನ್ನುವುದರ ಮೇಲೆ ನಿಮ್ಮ ಸೈಕಲ್ ನಿಂತಿರುತ್ತದೆ. ಗಾಜಿನ ಛಾವಣಿ, ಕಾರ್ಬನ್ ಛಾವಣಿ ಇದ್ದರೆ ಕಾರಿನ ಕೈಪಿಡಿಯಲ್ಲಿ ಛಾವಣಿಯ ಭಾರದ ಮಾತು ಏನಿದೆ ಎಂದು ಓದಿ. ಭಾರ ಹೇರಬೇಡಿ ಎಂದಿದ್ದರೆ ಅಲ್ಲಿಗೆ ಮುಗಿಯಿತು. ವೇಗ ಹೆಚ್ಚಾದಾಗ ತಾನೇ ಮೇಲೇಳುವ ಸ್ಪಾಯ್ಲರ್ ಇರುವ ಕಾರಿನಲ್ಲಿ ಹಿಂದಿನ ಕಪ್ಪಾಗಲಿ, ಹಿಂಚಕ್ರವಾಗಲಿ ಅದರ ದಾರಿಗೆ ಅಡ್ಡ ಬರಬಾರದು.

ಏಪ್ರಿಲ್–ಮೇ ಬಿಸಿಲಲ್ಲಿ ಮುಟ್ಟಲಾಗದಷ್ಟು ಕಾದ ಛಾವಣಿಗೆ ಕಪ್ ಹಾಕಬೇಡಿ. ನೆರಳಲ್ಲಿ ನಿಲ್ಲಿಸಿ, ನೀರು ಹಾಕಿ ತಣ್ಣಗಾದ ಮೇಲೆ ಹಾಕಿ. ರ‍್ಯಾಕನ್ನು ವಾರಗಟ್ಟಲೆ ಕಾರಿನ ಮೇಲೆಯೇ ಬಿಟ್ಟರೆ ರಬ್ಬರ್ ಗಡುಸಾಗುತ್ತದೆ, ಪೇಂಟಿನ ಮೇಲೆ ಉಂಗುರದ ಗುರುತೂ ಉಳಿಯುತ್ತದೆ.

ವೇಗದ ಲೆಕ್ಕ ಸರಳ. ಎಕ್ಸ್‌ಪ್ರೆಸ್‌ವೇಯ ಸಮತಟ್ಟು ಭಾಗದಲ್ಲಿ ಕಾರಿಗೆ 100 ಕಿ.ಮೀ. ಮಿತಿಯಿದೆ, ಆದರೆ ಗಾಳಿಯ ತಳ್ಳು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಇದ್ದುದಕ್ಕಿಂತ 100ರಲ್ಲಿ ಅದು ಒಂದೂವರೆ ಪಟ್ಟಿಗೂ ಜಾಸ್ತಿ. ಛಾವಣಿಯ ಮೇಲೆ ಸೈಕಲ್ ಇದ್ದರೆ 80 ದಾಟಬೇಡಿ. ಅಟಲ್ ಸೇತುವಿನ ಮೇಲೆ ಅಡ್ಡಗಾಳಿ ಬೀಸುವ ದಿನ ಇನ್ನೂ ಕಡಿಮೆ. ಮಳೆಯಿಂದ ಕಾಪಾಡಲೆಂದು ಸೈಕಲಿಗೆ ಕವರ್ ಹಾಕುವವರಿದ್ದಾರೆ, ಅದು ಹಾಯಿಯಾಗಿ ಗಾಳಿ ಹಿಡಿಯುತ್ತದೆ. ಬರೀ ಸೀಟಿಗೆ ಪ್ಲಾಸ್ಟಿಕ್ ಚೀಲ ಬಿಗಿದರೆ ಸಾಕು.

ಎತ್ತರ ಮರೆತರೆ ಎಲ್ಲ ಮರೆತಂತೆ. 1.3 ಮೀಟರ್ ಕಾರಿನ ಮೇಲೆ ಮುಂಚಕ್ರ ತೆಗೆದ ಸೈಕಲ್ ನಿಂತಾಗ ಸೀಟಿನ ತುದಿ ನೆಲದಿಂದ ಸುಮಾರು 2.2 ಮೀಟರಿಗೆ ಬರುತ್ತದೆ. ಎಸ್‌ಯುವಿಗೆ ಹೋಲಿಸಿದರೆ ಇದು ಕಡಿಮೆಯೇ, ಏರಿಸಲು ಸ್ಟೂಲೂ ಬೇಡ. ಆದರೆ ಮಾಲ್, ಹೌಸಿಂಗ್ ಸೊಸೈಟಿಗಳ ಬೇಸ್‌ಮೆಂಟ್ ಪಾರ್ಕಿಂಗಿನ ಬೋರ್ಡು 2.1 ಮೀಟರ್ ಎಂದಿರುವುದು ಸಾಮಾನ್ಯ. ದಿನವೂ ಇಳಿಯುವ ನಿಮ್ಮ ಮನೆಯ ರ‍್ಯಾಂಪೇ ಅಪಾಯಕಾರಿ, ಏಕೆಂದರೆ ಅಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಗೇಟಿನ ರಿಮೋಟ್ ಅಥವಾ ಪಾರ್ಕಿಂಗ್ ಕಾರ್ಡನ್ನು ಡಿಕ್ಕಿಯಲ್ಲಿ ಸೈಕಲ್ ಶೂ ಒಳಗೆ ಹಾಕಿಡಿ. ಗೇಟು ತೆರೆಯಲು ಕೆಳಗಿಳಿಯಲೇಬೇಕಾದಾಗ ಮೇಲಿನ ಸೈಕಲ್ ಕಣ್ಣಿಗೆ ಬೀಳುತ್ತದೆ.

ಕಳ್ಳತನಕ್ಕೆ ಇದರಲ್ಲಿ ರಕ್ಷಣೆ ಇಲ್ಲ. ಕಪ್ಪಿನ ಅಂಚು ಎತ್ತಿದರೆ ಕ್ಷಣದಲ್ಲಿ ಕಳಚುತ್ತದೆ. ರಾತ್ರಿ ತಂಗುವ ಪ್ರಯಾಣಕ್ಕೆ, ಅಂದರೆ ಸೈಕಲನ್ನು ಕೋಣೆಯೊಳಗೆ ಒಯ್ಯಲು ಬಿಡದ ಹೋಟೆಲಿಗೆ ಹೋಗುವವರಿಗೆ, ಇದು ಬೇಡವೇ ಬೇಡ.

ಕಂಪನಿಯದೇ ರೂಫ್ ಬಾರ್, ಕೊಂಡಿ

ಕೆಲವು ಕಾರುಗಳಿಗೆ ತಯಾರಕರೇ ಛಾವಣಿಯ ಬಾರು ಕೊಡುತ್ತಾರೆ. ಪೋರ್ಷೆ 911 ಕೂಪೆಗೆ ಅಂಥದ್ದಿದೆ, 75 ಕೆ.ಜಿ.ವರೆಗೆ ಹೊರುತ್ತದೆ. ನಿಮ್ಮ ಕಾರಿನ ಛಾವಣಿಯ ಅಂಚಿನಲ್ಲಿ ಅದಕ್ಕೆ ಜಾಗ ಮಾಡಿದ್ದರೆ, ದುಡ್ಡಿನ ಯೋಚನೆ ಇಲ್ಲದಿದ್ದರೆ, ಸಕ್ಷನ್ ಕಪ್ಪಿಗಿಂತ ಇದೇ ಗಟ್ಟಿ, ಬೀಗವೂ ಇರುತ್ತದೆ. ಎತ್ತರದ ಎಚ್ಚರ ಇದಕ್ಕೂ ಅನ್ವಯ.

ಹಿಂದಿನ ಬಂಪರಿನಡಿ ಕೊಂಡಿ ಹಾಕಿಸಿ ಅದಕ್ಕೆ ರ‍್ಯಾಕ್ ಸಿಕ್ಕಿಸುವುದು ವಿದೇಶದಲ್ಲಿ ಸಾಮಾನ್ಯ. ಇಲ್ಲಿ ಸ್ಪೋರ್ಟ್ಸ್ ಕಾರಿಗೆ ಗ್ಯಾರೇಜಿನಲ್ಲಿ ವೆಲ್ಡ್ ಮಾಡಿಸುವ ಯೋಚನೆ ಬಿಡಿ. ನೆಲದಿಂದ 12–13 ಸೆಂ.ಮೀ. ಎತ್ತರದ ಕಾರು ಹಂಪ್ ದಾಟುವಾಗ ಮೊದಲು ಉಜ್ಜುವುದು ಆ ಕೊಂಡಿಯೇ.

ಡಿಕ್ಕಿಗೆ ಪಟ್ಟಿ ಬಿಗಿಯುವ ರ‍್ಯಾಕ್

ಎಲ್ಲಕ್ಕಿಂತ ಅಗ್ಗ, ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ, ಚಕ್ರ ಬಿಚ್ಚಬೇಕಿಲ್ಲ. ಸೆಡಾನಿಗೆ ಸರಿ. ಸ್ಪೋರ್ಟ್ಸ್ ಕಾರಿಗೆ ಹೊಂದುವುದು ಅಪರೂಪ. ಇದರ ಕೊಕ್ಕೆಗಳು ಡಿಕ್ಕಿ ಮುಚ್ಚಳದ ಅಂಚನ್ನು ಹಿಡಿಯುತ್ತವೆ. ಆ ಅಂಚು ಗಾಜಾಗಿದ್ದರೆ, ಪ್ಲಾಸ್ಟಿಕ್ ಅಥವಾ ತೆಳು ಅಲ್ಯೂಮಿನಿಯಂ ಆಗಿದ್ದರೆ, ಮೇಲೆ ಸ್ಪಾಯ್ಲರ್ ಇದ್ದರೆ ಹಾಕಬಾರದು.

ಮುಚ್ಚಳ ಉಕ್ಕಿನದೇ ಆಗಿದ್ದರೂ ಮೂರು ಕಡೆ ಕಣ್ಣಿಡಬೇಕು. ಒಂದು, ಸೈಲೆನ್ಸರ್. ಸ್ಪೋರ್ಟ್ಸ್ ಕಾರಿನ ಹೊಗೆ ಕೊಳವೆ ದಪ್ಪ, ಹಲವು ಕಾರುಗಳಲ್ಲಿ ಬಂಪರಿನ ನಡುವೆಯೇ ಇರುತ್ತದೆ. ಅದರ ಹಿಂದೆ ತೂಗುವ ಟೈರು ಮೆತ್ತಗಾಗುತ್ತದೆ, ಕಾರ್ಬನ್ ರಿಮ್ಮು ಹಾಳೇ ಆಗುತ್ತದೆ. ಎರಡು, ನಂಬರ್ ಪ್ಲೇಟು ಮತ್ತು ದೀಪ. ಪ್ಲೇಟು ಮರೆಯಾದರೆ ನಿಯಮದ ಉಲ್ಲಂಘನೆ, ಬ್ರೇಕ್ ದೀಪ ಮರೆಯಾದರೆ ಹಿಂದಿನ ಲಾರಿಯವನಿಗೆ ನೀವು ನಿಂತದ್ದು ತಿಳಿಯುವುದಿಲ್ಲ. ಮೂರು, ಪೇಂಟು. ರ‍್ಯಾಕಿನ ರಬ್ಬರ್ ಪಾದದಡಿ ಗೋವಾದ ಕೆಂಪು ಮಣ್ಣಿನ ಧೂಳು ಸೇರಿಕೊಂಡರೆ ಚೋರ್ಲಾ ಘಾಟ್ ದಾಟುವಷ್ಟರಲ್ಲಿ ಅದು ಉಪ್ಪುಕಾಗದದಂತೆ ತಿಕ್ಕಿರುತ್ತದೆ. ಹಾಕುವ ಮೊದಲು ತೊಳೆದು, ಪಾದದಡಿ ಮೈಕ್ರೋಫೈಬರ್ ಬಟ್ಟೆ ಇಡಿ.

ಪಟ್ಟಿಗಳು ಹೊಸದಾಗಿ ಬಿಗಿದಾಗ ಹಿಗ್ಗುತ್ತವೆ, ಹತ್ತು ಕಿ.ಮೀ. ಹೋಗಿ ನಿಲ್ಲಿಸಿ ಮತ್ತೆ ಎಳೆಯಿರಿ. ಬಿಗಿಯುವಾಗ ಪಟ್ಟಿಗೆ ಒಂದು ತಿರುಚು ಕೊಟ್ಟರೆ ಗಾಳಿಗೆ ಗುಂಯ್ಗುಡುವುದಿಲ್ಲ. ಕಾರ್ಬನ್ ಫ್ರೇಮಿನ ಮೇಲ್ಕೊಳವೆಗೆ ಕ್ಲಾಂಪ್ ಬಿಗಿಯುವ ಮಾದರಿ ಬೇಡ, ಕೊಳವೆ ಒಳಗಿಂದ ಸೀಳುತ್ತದೆ, ಹೊರಗೆ ಕಾಣುವುದೂ ಇಲ್ಲ.

ಬೇರೆಯಾಗಿ ಕಳಿಸುವುದು, ಬೇರೆ ಸೈಕಲ್ ಒಯ್ಯುವುದು

29 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಇರುವವರು ಕಾರಿನೊಳಗಿನ ಆಸೆ ಬಿಡುವುದು ಒಳ್ಳೆಯದು. ಚಕ್ರವೇ 73–75 ಸೆಂ.ಮೀ., ಹ್ಯಾಂಡಲ್ 76–80 ಸೆಂ.ಮೀ., ತೂಕ 13–15 ಕೆ.ಜಿ. ಮುಂದಿನ ಆಕ್ಸಲ್ 15 ಎಂ.ಎಂ. ದಪ್ಪದ್ದಾದ್ದರಿಂದ ಸಕ್ಷನ್ ರ‍್ಯಾಕಿಗೂ ಅಡಾಪ್ಟರ್ ಬೇಕು. ಇಪ್ಪತ್ತು ಕೆ.ಜಿ. ದಾಟುವ ಇ-ಬೈಕನ್ನಂತೂ ಛಾವಣಿಗೆ ಏರಿಸಬೇಡಿ.

ಗೋವಾಕ್ಕಾದರೆ ರೈಲು ನಿಜಕ್ಕೂ ಒಳ್ಳೆಯ ದಾರಿ. ಸ್ಟೇಷನ್ನಿನ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿದರೆ ಸೈಕಲ್ ಕೊಂಕಣ ರೈಲು ಮಾರ್ಗದಲ್ಲಿ ಮಡಗಾಂವಿಗೆ ಬರುತ್ತದೆ. ನಿಮ್ಮ ಟಿಕೆಟಿನ ಗಾಡಿಯಲ್ಲೇ ಲಗೇಜಾಗಿ ಬುಕ್ ಮಾಡಿ, ರಟ್ಟು ಸುತ್ತಿ, ಡಿರೇಲರ್ ಬಿಚ್ಚಿಡಿ. ರಾತ್ರಿಯ ಖಾಸಗಿ ಬಸ್ಸಿನ ಡಿಕ್ಕಿಗೆ ಹಾಕುವುದಾದರೆ ನೀವೇ ನಿಂತು ಹಾಕಿಸಿ, ಚೈನ್ ಬದಿ ಮೇಲಿರಲಿ. ನಡುದಾರಿಯಲ್ಲಿ ಹತ್ತುವವರ ಸೂಟ್‌ಕೇಸುಗಳು ಅದರ ಮೇಲೇ ಬೀಳುತ್ತವೆ ಎಂದು ತಿಳಿದೇ ಕಟ್ಟಿ.

ಬೆಳಗಿನ ಸಣ್ಣ ಸುತ್ತಿಗೆ ಮಾತ್ರ ಸೈಕಲ್ ಬೇಕು ಎನ್ನುವವರು 16 ಇಂಚಿನ ಮಡಚುವ ಸೈಕಲ್ ಕಡೆ ನೋಡಬಹುದು. ಬ್ರಾಂಪ್ಟನ್ ಮಡಚಿದಾಗ ಸುಮಾರು 60 × 60 × 27 ಸೆಂ.ಮೀ., ತೂಕ 11–12 ಕೆ.ಜಿ. ಪಕ್ಕದ ಸೀಟಿನ ಕಾಲಿನ ಜಾಗದಲ್ಲೋ ಸೀಟಿನ ಮೇಲೋ ಕೂರುತ್ತದೆ. ಮರೀನ್ ಡ್ರೈವಿಗೆ ಚೆನ್ನ, ಸಿಂಹಗಡಕ್ಕೆ ಅಲ್ಲ.

ಯಾವ ಪ್ರಯಾಣಕ್ಕೆ ಯಾವುದು

ಮುಂಬೈಯಿಂದ ಭಾನುವಾರ ಬೆಳಗ್ಗೆ ಹೊರಟು ಮಧ್ಯಾಹ್ನ ಮರಳುವ ಪ್ರಯಾಣ, ಇಬ್ಬರು ಹೋಗಬೇಕು, ಲೋಹದ ಛಾವಣಿಯ ಕಾರು: ಸಕ್ಷನ್ ಕಪ್. ಪುಣೆಯಲ್ಲಿದ್ದು ಮುಳಶಿ, ಪಾನಶೇತ್ ಕಡೆ ಒಬ್ಬರೇ ಹೋಗುವವರು: ಒಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾಮ್ಹಿಣಿಯಲ್ಲಿ ಸುರಿಯುವ ಮಳೆಗೆ ಹೊರಗಿಟ್ಟ ಸೈಕಲಿನ ಬೇರಿಂಗಿಗೆ 80 ಕಿ.ಮೀ. ವೇಗದ ನೀರು ಹೊಡೆಯುತ್ತಲೇ ಇರುತ್ತದೆ. ಆ ನಾಲ್ಕು ತಿಂಗಳು ಒಳಗಿನ ದಾರಿಯೊಂದೇ.

ಪುಣೆಯಿಂದ ಕೊಲ್ಹಾಪುರ, ಬೆಳಗಾವಿ ಮೇಲೆ ಚೋರ್ಲಾ ಘಾಟ್ ಇಳಿದು ಗೋವಾ ಸೇರುವ ದಾರಿ ನಮ್ಮವರಿಗೆ ಪರಿಚಿತ. ಬೆಳಗಾವಿಯಲ್ಲಿ ನೆಂಟರ ಮನೆಯಲ್ಲಿ ಊಟ, ಒಂದು ರಾತ್ರಿ ಮಲಗುವುದೂ ಇರುತ್ತದೆ. ಊರಿನ ಗಲ್ಲಿಯಲ್ಲಿ ನಿಂತ ಕಾರಿನ ಸುತ್ತ ಮಕ್ಕಳು ಸೇರುತ್ತಾರೆ, ಹೊರಗಿನ ಸೈಕಲನ್ನು ಮುಟ್ಟದೆ ಬಿಡುವುದಿಲ್ಲ. ಮಳೆ ಮುಗಿದ ಹೊಸತರಲ್ಲಿ ಘಾಟಿನ ರಸ್ತೆಯ ಗುಂಡಿಗಳೂ ಇವೆ. ಹಾಗಾಗಿ ಇದಕ್ಕೂ ಒಳಗೇ ಇಡಿ.

ಐರನ್‌ಮ್ಯಾನ್‌ಗೆ ಟ್ರಯಥ್ಲಾನ್ ಸೈಕಲ್ ಒಯ್ಯುವವರ ಪಾಡು ಸ್ವಲ್ಪ ಬೇರೆ. ಮುಂದಕ್ಕೆ ಚಾಚಿದ ಏರೋ ಬಾರು ಉದ್ದವನ್ನು ಹೆಚ್ಚಿಸುತ್ತದೆ. ಕೇಬಲ್ಲುಗಳು ಫ್ರೇಮಿನೊಳಗೇ ಹಾಯ್ದಿದ್ದರೆ ಹ್ಯಾಂಡಲ್ ಪೂರ್ತಿ ತಿರುಗುವುದೂ ಇಲ್ಲ, ಬಲವಂತ ಮಾಡಿದರೆ ಬ್ರೇಕ್ ಹೋಸು ಮಡಚುತ್ತದೆ. ರಟ್ಟಿನ ಪರೀಕ್ಷೆಯಲ್ಲಿ 20 ಸೆಂ.ಮೀ. ಹೆಚ್ಚು ಉದ್ದ ಹಿಡಿದು ನೋಡಿ, ಆಗದಿದ್ದರೆ ರೈಲಿಗೆ ಕಳಿಸಿ. ಅಲ್ಲಿ ಸೈಕಲನ್ನು ಹಿಂದಿನ ದಿನವೇ ಒಪ್ಪಿಸಬೇಕು, ಮರುದಿನ 90 ಕಿ.ಮೀ. ತುಳಿಯಬೇಕು. ಆದ್ದರಿಂದ ಪಣಜಿಗೆ ಕನಿಷ್ಠ ಎರಡು ದಿನ ಮುಂಚೆ ತಲುಪಿ, ಜೋಡಿಸಿ, ಮೀರಾಮಾರ್ ರಸ್ತೆಯಲ್ಲಿ ಅರ್ಧ ಗಂಟೆ ಎಲ್ಲ ಗೇರೂ ಬದಲಿಸಿ ಓಡಿಸಿ. ಹ್ಯಾಂಗರ್ ಬಾಗಿದ್ದರೆ, ರೋಟರ್ ಉಜ್ಜುತ್ತಿದ್ದರೆ ಆಗಲೇ ಗೊತ್ತಾಗುತ್ತದೆ, ಸರಿಮಾಡಿಸಲು ಒಂದು ಪೂರ್ತಿ ದಿನ ಕೈಯಲ್ಲಿರುತ್ತದೆ.